ಕಲಿಯುವ ಹಂಬಲಕ್ಕೆ ಯಾವ ಕೊಳಗ?

ನಮ್ಮ ವಿದ್ಯಾಭ್ಯಾಸ ಕ್ಷೇತ್ರಕ್ಕೆ ಆಗಾಗ ಒಂದೊಂದು ಜ್ವರ ಬರುವುದುಂಟು. ಬಂದಾಗ ಅದರ ಕಾವು ವಿಪರೀತ. ಸಮಿತಿಗಳೇನು, ಸುತ್ತೋಲೆಗಳೇನು, ಉಪಾಧ್ಯಾಯರಿಗೆ ತರಬೇತಿಗಳೇನು! ಇಳಿದ ಮೇಲೆ ಉಳಿಯುವುದು ಬೀರುವಿನಲ್ಲಿ ಧೂಳು ತಿನ್ನುವ ನಮೂನೆಗಳ ಕಟ್ಟು ಮಾತ್ರ. 2009ರಲ್ಲಿ ‘ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ’ವೆಂಬ ಜ್ವರ ಸಿ.ಬಿ.ಎಸ್.ಇ. ಶಾಲೆಗಳಿಗೆ ಬಂದಿತ್ತು, 2017ರಲ್ಲಿ ಆ ಮಂಡಲಿಯೇ ಅದನ್ನು ಕೈಬಿಟ್ಟಿತು. ಈಗ ಏರುತ್ತಿರುವುದು ಮತ್ತೊಂದು. ಮಗು ಏನನ್ನು ಕಲಿತಿತು ಎಂದು ಅಳೆದು ದಣಿದ ನಾವು, ಕಲಿಯಬೇಕೆಂಬ ಆಸೆ ಅದಕ್ಕೆಷ್ಟಿದೆ ಎಂಬುದನ್ನೇ ಅಳೆದು ಅಂಕಿಯಲ್ಲಿ ಬರೆದಿಡಲು ಹೊರಟಿದ್ದೇವೆ.

ಇದು ಗಾಳಿಯಲ್ಲಿ ಹುಟ್ಟಿದ ಮಾತಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು, ಮಗುವಿನ ಪ್ರಗತಿಪತ್ರ 360 ಡಿಗ್ರಿಯ ಚಿತ್ರವಾಗಬೇಕು, ಬುದ್ಧಿಯ ಜೊತೆಗೆ ಭಾವವೂ ಅದರಲ್ಲಿ ಕಾಣಬೇಕು, ಉಪಾಧ್ಯಾಯರಷ್ಟೇ ಅಲ್ಲದೆ ಮಗು ತನ್ನನ್ನು ತಾನೇ ಅಳೆದುಕೊಳ್ಳಬೇಕು, ಜೊತೆಯ ಮಕ್ಕಳೂ ಅದನ್ನು ಅಳೆಯಬೇಕು ಎಂದು ಹೇಳಿತು. ಅದರ ಬೆನ್ನಿಗೇ ‘ಪರಖ್’ ಎಂಬ ರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಗಿ, ಸಮಗ್ರ ಪ್ರಗತಿಪತ್ರಗಳ ಮಾದರಿಗಳು ಹೊರಬಂದವು. ನಮ್ಮ ರಾಜ್ಯ ಆ ನೀತಿಯನ್ನು ಒಪ್ಪಿತೇ ಬಿಟ್ಟಿತೇ ಎಂಬುದು ಬೇರೆಯ ಮಾತು. ಕೇಂದ್ರ ಪಠ್ಯಕ್ರಮದ ಶಾಲೆಗಳು ನಮ್ಮ ನಗರಗಳ ಬೀದಿಬೀದಿಯಲ್ಲಿವೆ. ಇನ್ನು ಶಿಕ್ಷಣಶಾಸ್ತ್ರದ ಎಂ.ಎಡ್., ಪಿಎಚ್.ಡಿ. ಪ್ರಬಂಧಗಳಲ್ಲಂತೂ ‘ವಿದ್ಯಾರ್ಥಿಗಳ ಅಭಿಪ್ರೇರಣೆಯ ಮಾಪನ’ ಎಂಬುದು ಹಳೆಯ ವಿಷಯವೇ. ಗ್ರಂಥಾಲಯದ ಕಪಾಟಿನಲ್ಲಿದ್ದ ಆ ಅಳತೆಗೋಲು ಈಗ ತರಗತಿಯೊಳಕ್ಕೆ, ಅಲ್ಲಿಂದ ತಂದೆತಾಯಿಗಳ ಕೈಗೆ ಬರುತ್ತಿರುವುದು ಹೊಸದು.

ಅಳತೆಯೆಂದರೆ ನನಗೆ ಅಲರ್ಜಿಯೇನೂ ಇಲ್ಲ. ವರ್ಷಕ್ಕೆ ನೂರಾರು ಉತ್ತರಪತ್ರಿಕೆಗಳಿಗೆ ಅಂಕ ಹಾಕಿ ಅನ್ನ ತಿನ್ನುವವನು ನಾನು. ನನ್ನ ತಕರಾರು ಎರಡು. ಮೊದಲನೆಯದು, ಈ ಪ್ರಶ್ನಾವಳಿಗಳು ಅಳೆಯುತ್ತೇವೆಂದು ಹೇಳುವುದನ್ನು ಅಳೆಯುತ್ತಿಲ್ಲ. ಎರಡನೆಯದು, ಇದು ಹೆಚ್ಚು ಕೆಡುಕಿನದು: ಅಳತೆ ಕಡಿಮೆ ಬಂದಾಗ ಅದರ ಹೊಣೆಯನ್ನು ಮಗುವಿನ ತಲೆಗೆ ಕಟ್ಟುತ್ತವೆ.

ಕನ್ನಡ ಮೇಷ್ಟರಾದ್ದರಿಂದ ಪದದಿಂದಲೇ ಆರಂಭಿಸುತ್ತೇನೆ, ವಾಚಕರು ಸಹಿಸಿಕೊಳ್ಳಬೇಕು. ಇಂಗ್ಲಿಷಿನ ‘ಮೋಟಿವೇಷನ್’ ಎಂಬುದಕ್ಕೆ ನಮ್ಮ ಶಿಕ್ಷಕ ತರಬೇತಿಯ ಪುಸ್ತಕಗಳು ‘ಅಭಿಪ್ರೇರಣೆ’ ಎಂಬ ಪದವನ್ನು ಕೊಟ್ಟಿವೆ. ಪ್ರೇರಿಸು ಎಂದರೆ ಮುಂದಕ್ಕೆ ನೂಕು, ಹೊರಡಿಸು ಎಂದರ್ಥ. ಪ್ರೌಢಶಾಲೆಯಲ್ಲಿ ನಾವೆಲ್ಲರೂ ‘ಪ್ರೇರಣಾರ್ಥಕ’ ಕ್ರಿಯಾಪದಗಳನ್ನು ಓದಿದ್ದೇವೆ: ಮಾಡು, ಮಾಡಿಸು, ಓದು, ಓದಿಸು, ಕಲಿ, ಕಲಿಸು. ಪ್ರೇರಣಾರ್ಥಕದ ವಾಕ್ಯದಲ್ಲಿ ಕರ್ತೃ ಒಬ್ಬನಲ್ಲ, ಇಬ್ಬರು: ಮಾಡುವವನೊಬ್ಬ, ಮಾಡಿಸುವವನೊಬ್ಬ. ‘ಗುರುಗಳು ಹುಡುಗನಿಂದ ಪದ್ಯವನ್ನು ಓದಿಸಿದರು’ ಎಂಬಲ್ಲಿ ಓದಿದವನು ಹುಡುಗ, ಓದಿಸಿದವರು ಗುರುಗಳು. ಪ್ರೇರಣೆ ಎಂಬ ಮಾತು ಬಂದ ಕೂಡಲೇ ಪ್ರೇರಿಸುವವನೊಬ್ಬ ಬರಲೇಬೇಕೆಂಬುದು ವ್ಯಾಕರಣದ ನಿಯಮ. ಆದರೆ ಅಳೆಯುವವರ ಕಾಗದದಲ್ಲಿ ಕಾಣುವ ಕರ್ತೃ ಒಬ್ಬನೇ, ಹುಡುಗ. ‘ಈ ವಿದ್ಯಾರ್ಥಿಯ ಅಭಿಪ್ರೇರಣೆ ಕಡಿಮೆ’ ಎಂದು ಬರೆದು ಮುಗಿಸುತ್ತಾರೆ. ಪ್ರೇರಿಸಬೇಕಾದವರು ಯಾರು, ಅವರೇನು ಮಾಡಿದರು ಎಂಬ ಪ್ರಶ್ನೆಗೆ ಆ ಕಾಗದದಲ್ಲಿ ಜಾಗವೇ ಇಲ್ಲ.

ಪದದ ಮಾತು ಹಾಗಿರಲಿ, ಪ್ರಶ್ನಾವಳಿಯನ್ನೇ ನೋಡೋಣ. ಅಮೆರಿಕದ ರೆನ್ಸಿಸ್ ಲೈಕರ್ಟ್ ಎಂಬವರು 1932ರಲ್ಲಿ ಜನರ ಮನೋಭಾವಗಳನ್ನು ಅಳೆಯುವ ಒಂದು ವಿಧಾನವನ್ನು ಪ್ರಕಟಿಸಿದರು. ಒಂದು ಹೇಳಿಕೆ ಕೊಡುವುದು. ಅದನ್ನು ನೀವು ಎಷ್ಟರಮಟ್ಟಿಗೆ ಒಪ್ಪುತ್ತೀರಿ ಎಂದು ಮೆಟ್ಟಲು ಮೆಟ್ಟಲಾಗಿ ಕೇಳುವುದು. ಮೆಟ್ಟಲಿಗೊಂದು ಅಂಕಿ ಕೊಟ್ಟು ಕೂಡುವುದು. ಇಂದಿನ ಆಸಕ್ತಿಮಾಪಕಗಳಲ್ಲಿ ಬಹುಪಾಲು ಇದೇ ಬೇರಿನ ಚಿಗುರುಗಳು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ಸಿದ್ಧವಾದ, ಇಂದಿಗೂ ಬಹಳ ಬಳಕೆಯಲ್ಲಿರುವ ಪ್ರಶ್ನಾವಳಿಯಲ್ಲಿ 81 ಹೇಳಿಕೆಗಳಿವೆ. ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಭಾಷೆಯಲ್ಲಿ ಹುಟ್ಟಿ 1992ರಲ್ಲಿ ಇಂಗ್ಲಿಷಿಗೆ ಬಂದ ಮತ್ತೊಂದರಲ್ಲಿ 28 ಇವೆ. ಇವೆಲ್ಲ ತಮ್ಮ ತಮ್ಮ ನೆಲದಲ್ಲಿ ಶ್ರಮವಹಿಸಿ ಪರೀಕ್ಷಿಸಿದ ಸಲಕರಣೆಗಳು. ಅವನ್ನು ಮಾಡಿದ ವಿದ್ವಾಂಸರನ್ನು ನಾನು ಹಳಿಯುತ್ತಿಲ್ಲ. ಅವು ಸಮುದ್ರ ದಾಟಿ ನಮ್ಮ ಏಳನೆಯ ತರಗತಿಯ ಬೆಂಚಿನ ಮೇಲೆ ಕುಳಿತಾಗ ಏನಾಗುತ್ತದೆ ಎಂಬುದು ನನ್ನ ಪ್ರಶ್ನೆ.

ಶಿಕ್ಷಣಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ತರುಣರೊಬ್ಬರು ಅಂತಹುದೊಂದು ಪ್ರಶ್ನಾವಳಿಯ ಕನ್ನಡ ರೂಪವನ್ನು, ಭಾಷೆಯನ್ನು ಒಮ್ಮೆ ನೋಡಿಕೊಡಿರೆಂದು ನನ್ನಲ್ಲಿಗೆ ತಂದಿದ್ದರು. ಅದರಲ್ಲೊಂದು ಹೇಳಿಕೆ: ‘ಶಾಲೆಯ ಕೆಲಸವು ನನ್ನಲ್ಲಿ ಬೇಸರವನ್ನು ಉಂಟುಮಾಡುವುದಿಲ್ಲ.’ ಅದರೆದುರಿಗೆ ಐದು ಮನೆಗಳು: ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸಂಪೂರ್ಣ ಒಪ್ಪುವುದಿಲ್ಲ. ವಾಚಕರೇ, ಶಾಲೆಯೆಂದರೆ ನಿಮಗೆ ಬೇಸರವೆಂದು ಇಟ್ಟುಕೊಳ್ಳಿ. ಎಲ್ಲಿ ಗುರುತು ಹಾಕುತ್ತೀರಿ? ‘ಉಂಟುಮಾಡುವುದಿಲ್ಲ’ ಎಂಬುದನ್ನು ‘ಒಪ್ಪುವುದಿಲ್ಲ’. ಎರಡು ಇಲ್ಲಗಳನ್ನು ಒಂದರ ಮೇಲೊಂದು ಹೇರಿ ಒಂದು ಹೌದನ್ನು ಹೊರತೆಗೆಯಬೇಕು. ಎಂ.ಎ. ಮಾಡಿದ ನಾನೇ ಅರೆಗಳಿಗೆ ತಡವರಿಸಿದೆ. ಹನ್ನೆರಡು ವರ್ಷದ ಮಗುವಿಗೆ ಇದು ಆಸಕ್ತಿಯ ಪರೀಕ್ಷೆಯೋ, ತರ್ಕಶಾಸ್ತ್ರದ ಪರೀಕ್ಷೆಯೋ?

ಆ ತರುಣರು ಸಜ್ಜನರು. ತರಗತಿಗೆ ನೀವೂ ಬನ್ನಿ ಎಂದು ಕರೆದರು, ಹೋದೆ. ಮಕ್ಕಳ ಕೈಗೆ ಕಾಗದ ಬಂದ ಐದು ನಿಮಿಷಕ್ಕೆ ಒಬ್ಬ ಹುಡುಗಿ ಎದ್ದು ನಿಂತಳು: “ಸಾರ್, ತಟಸ್ಥ ಅಂದ್ರೆ ಏನ್ ಸಾರ್?” ತಟದಲ್ಲಿ ನಿಂತವನು, ನೀರಿಗೂ ಇಳಿಯದೆ ಮನೆಗೂ ಹೋಗದೆ ದಡದಲ್ಲೇ ಇರುವವನು ಎಂದು ನಾನು ವಿವರಿಸಿದೆ. ಅವಳಿಗೆ ಅದು ಬಹಳ ಹಿಡಿಸಿತೆಂದು ತೋರುತ್ತದೆ. ಆಮೇಲೆ ಬಗ್ಗಿ ನೋಡಿದರೆ ಅವಳು ಎಲ್ಲ ಪ್ರಶ್ನೆಗಳಿಗೂ ದಡದಲ್ಲೇ ನಿಂತಿದ್ದಳು. ಅವಳ ಹಿಂದಿನ ಬೆಂಚಿನ ಹುಡುಗ ಮೊದಲಿನಿಂದ ಕೊನೆಯವರೆಗೆ ‘ಸಂಪೂರ್ಣ ಒಪ್ಪುತ್ತೇನೆ’ ಎಂದು ನೇರ ಗೆರೆಯಾಗಿ ಗುರುತು ಹಾಕಿದ್ದ. ಶಾಲೆ ಬಹಳ ಇಷ್ಟ ಎಂಬುದಕ್ಕೂ, ಶಾಲೆ ಬಿಟ್ಟರೆ ಸಾಕು ಅನ್ನಿಸುತ್ತದೆ ಎಂಬುದಕ್ಕೂ. ಏಕಪ್ಪಾ ಎಂದು ಮೆಲ್ಲಗೆ ಕೇಳಿದೆ. ಬಾಗಿಲ ಬಳಿ ನಿಂತಿದ್ದ ಮುಖ್ಯೋಪಾಧ್ಯಾಯರ ಕಡೆ ಕಣ್ಣಲ್ಲೇ ತೋರಿಸಿ, “ಒಪ್ಪಲ್ಲ ಅಂದ್ರೆ ಬೈತಾರೆ ಸಾರ್” ಎಂದ. ಅವನ ಅಂಕಿ ಗಣಕಯಂತ್ರಕ್ಕೆ ಹೋಗುತ್ತದೆ. ಸರಾಸರಿಯಲ್ಲಿ ಸೇರುತ್ತದೆ. ದಶಮಾಂಶದ ಮುಂದೆ ಎರಡು ಸ್ಥಾನಗಳವರೆಗೆ ಅಚ್ಚಾಗಿ ಬರುತ್ತದೆ. ಮುಖ್ಯೋಪಾಧ್ಯಾಯರ ಮೇಲಿನ ಭಯವನ್ನು ಎರಡು ದಶಮಾಂಶ ಸ್ಥಾನಗಳಿಗೆ ಅಳೆಯುವ ಯಂತ್ರವನ್ನು ಕಂಡುಹಿಡಿದ ಕೀರ್ತಿ ನಮ್ಮದು!

‘ಇದು ಕೆಟ್ಟ ಅನುವಾದದ ದೋಷ, ಒಳ್ಳೆಯ ಕನ್ನಡದಲ್ಲಿ ಬರೆದು, ಮುಖ್ಯೋಪಾಧ್ಯಾಯರನ್ನು ಹೊರಗೆ ಕಳುಹಿಸಿದರೆ ಸರಿಹೋದೀತು’ ಎಂದು ಯಾರಾದರೂ ಹೇಳಬಹುದು. ಅರ್ಧ ಸರಿಹೋದೀತು. ಉಳಿದರ್ಧ ಸರಿಹೋಗದು. ಏಕೆಂದರೆ ದೋಷ ಅಳತೆಗೋಲಿನ ಒಳಗೇ ಇದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಆಗುಂಬೆಯಲ್ಲಿ ಒಬ್ಬರನ್ನೂ ಚಳ್ಳಕೆರೆಯಲ್ಲಿ ಒಬ್ಬರನ್ನೂ ‘ನಿನ್ನೆ ನಿಮ್ಮೂರಲ್ಲಿ ಮಳೆ ಹೇಗೆ?’ ಎಂದು ಕೇಳಿ, ‘ಬಹಳ, ಸಾಧಾರಣ, ಕಡಿಮೆ’ ಎಂದು ಮೂರು ಮನೆ ಕೊಡಿ. ಆಗುಂಬೆಯವರು ‘ಸಾಧಾರಣ’ ಎಂದು ಕೊಡೆ ಕೊಡವಿದ ಮಳೆ ಚಳ್ಳಕೆರೆಗೆ ಬಂದರೆ ಕೆರೆಕಟ್ಟೆ ನೋಡಲು ಊರಿಗೆ ಊರೇ ಹೊರಡುತ್ತದೆ. ಇಬ್ಬರೂ ಸುಳ್ಳು ಹೇಳಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಊರಿನ ಮಳೆಯನ್ನೇ ಸೇರು ಮಾಡಿಕೊಂಡು ಅಳೆದಿದ್ದಾರೆ. ಹಿಂದೆ ನಮ್ಮಲ್ಲಿ ಸೇರು, ಪಾವು, ಕೊಳಗಗಳು ಸೀಮೆಗೊಂದು ತೆರನಾಗಿದ್ದವು. 1956ರಲ್ಲಿ ಕಾಯಿದೆ ಮಾಡಿ ದೇಶಕ್ಕೆಲ್ಲ ಒಂದೇ ಕಿಲೋಗ್ರಾಮನ್ನು ತಂದೆವು. ‘ನಾನು ಕಷ್ಟಪಟ್ಟು ಓದುತ್ತೇನೆ’ ಎಂಬ ಹೇಳಿಕೆಗೆ ಅಂತಹ ಕಿಲೋಗ್ರಾಮು ಇಲ್ಲ. ಎಷ್ಟು ಓದಿದರೆ ಕಷ್ಟ? ಯಾರಿಗೆ ಹೋಲಿಸಿದರೆ? ಮಗು ತನ್ನ ಪಕ್ಕದ ಬೆಂಚನ್ನು ನೋಡಿ ಉತ್ತರ ಬರೆಯುತ್ತದೆ.

ಇದು ನನ್ನ ಊಹೆಯಲ್ಲ. ಅಮೆರಿಕದ ಬಾಸ್ಟನ್ ನಗರದ ಎಂಟನೆಯ ತರಗತಿಯ ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅಲ್ಲಿ ಕಟ್ಟುನಿಟ್ಟಿಗೆ ಹೆಸರಾದ ಕೆಲವು ಶಾಲೆಗಳ ಮಕ್ಕಳು ಪರೀಕ್ಷೆಗಳಲ್ಲಿ ಚೆನ್ನಾಗಿ ಮುಂದುವರಿದಿದ್ದರು. ಆದರೆ ಶ್ರದ್ಧೆ, ಆತ್ಮಸಂಯಮ, ಹಿಡಿದ ಕೆಲಸ ಬಿಡದ ಛಲ, ಇವುಗಳಲ್ಲಿ ತಮಗೆ ತಾವು ಕೊಟ್ಟುಕೊಂಡ ಅಂಕ ಮಾತ್ರ ಬೇರೆ ಶಾಲೆಗಳ ಮಕ್ಕಳಿಗಿಂತ ಕಡಿಮೆ! ಕಟ್ಟುನಿಟ್ಟಿನ ಶಾಲೆ ಮಗುವಿನ ಕಣ್ಣಿನ ಮಟ್ಟವನ್ನೇ ಏರಿಸಿತ್ತೆಂದು ವಿದ್ವಾಂಸರು ಅದಕ್ಕೆ ಸಮಾಧಾನ ಹೇಳುತ್ತಾರೆ. ದೇಶದೇಶಗಳ ಮಟ್ಟದಲ್ಲೂ ಇದೇ ಕಥೆ. 2011ರ ‘ಟಿಮ್ಸ್’ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಎಂಟನೆಯ ತರಗತಿಯ ಗಣಿತಕ್ಕೆ ದಕ್ಷಿಣ ಕೊರಿಯಾ ಮೊದಲನೆಯದಾಗಿ ನಿಂತಿತು. ಅದೇ ದೇಶದಲ್ಲಿ ಗಣಿತ ಕಲಿಯುವುದು ಬಹಳ ಇಷ್ಟ ಎಂಬ ಗುಂಪಿಗೆ ಸೇರಿದ ಮಕ್ಕಳು ನೂರಕ್ಕೆ ಹತ್ತರ ಒಳಗೆ. ಅಂಕಿಯನ್ನು ನಂಬುವುದಾದರೆ, ಗಣಿತವನ್ನು ಚೆನ್ನಾಗಿ ಕಲಿಯಲು ಅದನ್ನು ದ್ವೇಷಿಸಬೇಕೆಂದು ಸುತ್ತೋಲೆ ಹೊರಡಿಸಬೇಕಾದೀತು! ನಿಜವೇನೆಂದರೆ, ಒಂದೇ ದೇಶದೊಳಗೆ ನೋಡಿದಾಗ ಇಷ್ಟಪಡುವ ಮಕ್ಕಳೇ ಸಾಮಾನ್ಯವಾಗಿ ಮುಂದೆ. ದೇಶಕ್ಕೆ ದೇಶವನ್ನು ಹೋಲಿಸಿದಾಗ ಲೆಕ್ಕ ತಲೆಕೆಳಗಾಗುತ್ತದೆ. ಹಾಗಿರುವಾಗ ಜಯನಗರದ ಶಾಲೆಯ ಮಗುವಿನ ‘ನಾಲ್ಕು’ ಅಂಕಿಯನ್ನೂ ದೇವದುರ್ಗದ ಶಾಲೆಯ ಮಗುವಿನ ‘ಮೂರು’ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ತೀರ್ಪು ಕೊಡುವುದು ಯಾವ ನ್ಯಾಯ?

ಈ ಮಾತನ್ನು ಅಳತೆಗೋಲು ಮಾಡಿದವರೇ ಹೇಳಿದ್ದಾರೆ. ಛಲವನ್ನು ಅಳೆಯುವ ಮಾಪಕವನ್ನು 2007ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿ ಜಗತ್ಪ್ರಸಿದ್ಧರಾದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಏಂಜೆಲಾ ಡಕ್‌ವರ್ತ್. ಕ್ಯಾಲಿಫೋರ್ನಿಯಾದ ಕೆಲವು ಜಿಲ್ಲೆಗಳು ಮಕ್ಕಳ ಇಂತಹ ಗುಣಗಳನ್ನು ಅಳೆದು ಅದರ ಮೇಲೆ ಶಾಲೆಗಳ ಯೋಗ್ಯತೆಯನ್ನು ಗೊತ್ತುಮಾಡಲು ಹೊರಟಾಗ, 2016ರಲ್ಲಿ ಅವರೇ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದು ಅದನ್ನು ವಿರೋಧಿಸಿದರು. ಸಂಶೋಧನೆಗೆ ಸಾಕಾಗುವ ಮಾಪಕ ತೀರ್ಪಿಗೆ ಸಾಲದು ಎಂಬುದು ಅವರ ವಾದದ ಸಾರ. ಕಮ್ಮಾರನೇ ‘ಈ ಕತ್ತಿಯಿಂದ ಶಸ್ತ್ರಚಿಕಿತ್ಸೆ ಮಾಡಬೇಡಿ’ ಎಂದು ಕೂಗಿ ಹೇಳುತ್ತಿರುವಾಗ, ನಾವು ಅದೇ ಕತ್ತಿಯನ್ನು ತರಿಸಿಕೊಂಡು ಮಕ್ಕಳನ್ನು ಮೇಜಿನ ಮೇಲೆ ಮಲಗಿಸುತ್ತಿದ್ದೇವೆ.

ಇನ್ನು ಪೂರ್ವಪಕ್ಷದ ಬಲವಾದ ವಾದವೊಂದಿದೆ. ಅದನ್ನು ಮುಚ್ಚಿಟ್ಟು ಗೆಲ್ಲುವ ಇಚ್ಛೆ ನನಗಿಲ್ಲ. ಅದು ಹೀಗೆ: ‘ಅಳತೆ ಬೇಡವೆಂದರೆ ಉಳಿಯುವುದು ಏನು? ಉಪಾಧ್ಯಾಯರ ಅಂದಾಜು. ಅದೇನು ಶುದ್ಧವೇ? “ಆ ಕೇರಿಯ ಹುಡುಗರಿಗೆ ಓದಿನಲ್ಲಿ ಆಸಕ್ತಿಯಿಲ್ಲ”, “ಹೆಣ್ಣುಮಕ್ಕಳಿಗೆ ಲೆಕ್ಕ ಹಿಡಿಸುವುದಿಲ್ಲ”, “ಕೂಲಿಯವರ ಮಕ್ಕಳು ಊಟಕ್ಕೆ ಬರುತ್ತಾರೆ, ಪಾಠಕ್ಕಲ್ಲ”: ಇಂತಹ ಮಾತುಗಳನ್ನು ಸ್ಟಾಫ್ ರೂಮಿನಲ್ಲಿ ಕೇಳದವರು ಯಾರಿದ್ದಾರೆ? ಈ ಪೂರ್ವಗ್ರಹಕ್ಕಿಂತ ಅಂಕಿ ಮೇಲಲ್ಲವೇ?’ ಈ ಮಾತಿನಲ್ಲಿ ಸತ್ಯವಿದೆ. ನಾನೂ ಅಂತಹ ಮಾತುಗಳನ್ನು ಕೇಳಿದ್ದೇನೆ. ಚಹಾದ ಲೋಟದ ಜೊತೆಗೆ ಅವು ಕೈಯಿಂದ ಕೈಗೆ ಹೋಗುತ್ತವೆ. ಆದರೆ ಪೂರ್ವಗ್ರಹವನ್ನು ಅಳಿಸುವ ಅಂಕಿ ಬೇರೆ, ಪೂರ್ವಗ್ರಹಕ್ಕೆ ಮೊಹರು ಒತ್ತುವ ಅಂಕಿ ಬೇರೆ. ಇಲ್ಲಗಳ ಮೇಲೆ ಇಲ್ಲಗಳನ್ನು ಹೇರಿದ ಪುಸ್ತಕದ ಕನ್ನಡ ಯಾರಿಗೆ ತೊಡಕು? ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ. ಮನೆಯಲ್ಲಿ ಲಂಬಾಣಿಯನ್ನೋ ತುಳುವನ್ನೋ ಉರ್ದುವನ್ನೋ ಆಡುವ ಮಗುವಿಗೆ. ಆ ಮಗುವಿಗೇ ಕಡಿಮೆ ಅಂಕಿ ಬರುತ್ತದೆ. ಸ್ಟಾಫ್ ರೂಮಿನ ಚಾಡಿಮಾತು ಅಂದಿನಿಂದ ‘ವೈಜ್ಞಾನಿಕ ಸತ್ಯ’ವಾಗುತ್ತದೆ. ಚಾಡಿಯನ್ನಾದರೆ ಎದುರಿಸಬಹುದು, ಕೋಷ್ಟಕವನ್ನು ಎದುರಿಸುವುದು ಹೇಗೆ?

ಹಾಗಾದರೆ ಕಲಿಯುವ ಹಂಬಲವನ್ನು ತಿಳಿಯಲು ದಾರಿಯೇ ಇಲ್ಲವೇ? ಇದೆ. ಹಂಬಲ ಬಾಯಿಗಿಂತ ಹೆಚ್ಚಾಗಿ ಕೈಕಾಲಿನಲ್ಲಿರುತ್ತದೆ. 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಗಟುಗಳನ್ನು ಕೊಟ್ಟರು. ನಡುವೆ ಪ್ರಯೋಗ ನಡೆಸುವವರು ಏನೋ ನೆಪ ಹೇಳಿ ಎಂಟು ನಿಮಿಷ ಹೊರಗೆ ಹೋಗುತ್ತಿದ್ದರು. ಕೊಠಡಿಯಲ್ಲಿ ಪತ್ರಿಕೆಗಳೂ ಇದ್ದವು. ಓದಬಹುದು, ಸುಮ್ಮನಿರಬಹುದು, ಒಗಟನ್ನೇ ಮುಂದುವರಿಸಬಹುದು. ಯಾರೂ ಕೇಳದಿದ್ದಾಗ ಒಗಟಿನೊಡನೆ ಅವರು ಎಷ್ಟು ಹೊತ್ತು ಕಳೆದರೆಂಬುದೇ ಅಳತೆ. ಒಂದು ಗುಂಪಿಗೆ ಒಗಟಿಗಿಷ್ಟೆಂದು ಹಣ ಕೊಟ್ಟು, ಆಮೇಲೆ ಹಣ ನಿಲ್ಲಿಸಿದಾಗ, ಆ ಗುಂಪಿನವರ ಬಿಡುವಿನ ಆಸಕ್ತಿ ಇಳಿದಿತ್ತು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಶಿಶುವಿಹಾರದ ಮಕ್ಕಳಲ್ಲಿ ಇದನ್ನೇ ಕಂಡರು. ಬಣ್ಣದ ಪೆನ್ನುಗಳಲ್ಲಿ ಚಿತ್ರ ಬರೆಯುವುದೆಂದರೆ ಪ್ರಾಣವಾಗಿದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಚಿನ್ನದ ಬಣ್ಣದ ನಕ್ಷತ್ರವೂ ರಿಬ್ಬನ್ನೂ ಇರುವ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಆಸೆ ತೋರಿಸಿದರು. ಕೆಲ ದಿನಗಳ ನಂತರ ಆಟದ ಹೊತ್ತಿನಲ್ಲಿ ನೋಡಿದರೆ, ಆ ಮಕ್ಕಳು ಪೆನ್ನು ಹಿಡಿದ ಹೊತ್ತು ಉಳಿದವರದರ ಸುಮಾರು ಅರ್ಧವಾಗಿತ್ತು. ಆಟ ಕೂಲಿಯಾಗಿತ್ತು.

ಈ ಪ್ರಯೋಗಗಳಲ್ಲಿ ‘ನಿನಗೆ ಎಷ್ಟು ಆಸಕ್ತಿಯಿದೆ?’ ಎಂದು ಕೇಳಿ ಅದನ್ನೇ ನಂಬಿ ಕೂರಲಿಲ್ಲ, ನೋಡಿದರು. ನೋಡುವುದಕ್ಕೆ ಸಮಯ ಬೇಕು, ತಾಳ್ಮೆ ಬೇಕು, ಮಗುವಿಗೆ ಸ್ವಲ್ಪ ಬಿಡುವು ಬೇಕು. ಬೆಳಗ್ಗೆ ಟ್ಯೂಷನ್, ಹಗಲು ಶಾಲೆ, ಸಂಜೆ ಕೋಚಿಂಗ್, ರಾತ್ರಿ ಹೋಂವರ್ಕ್ ಎಂದು ದಿನವನ್ನು ಸಂದಿಲ್ಲದಂತೆ ತುಂಬಿದ ಮೇಲೆ, ಮಗುವಿನ ಆಸಕ್ತಿ ತನ್ನ ಮುಖ ತೋರಿಸುವ ಎಂಟು ನಿಮಿಷವಾದರೂ ಎಲ್ಲಿ ಉಳಿಯಿತು? ‘ನಮ್ಮ ಹುಡುಗನಿಗೆ ಮೋಟಿವೇಷನ್ನೇ ಇಲ್ಲ ಸಾರ್’ ಎಂದು ನನ್ನಲ್ಲಿ ಗೋಳಿಡುವ ತಂದೆಯರು ಅನೇಕರು. ‘ತೊಂಬತ್ತೈದು ತೆಗೆದರೆ ಸ್ಕೂಟರ್ ಕೊಡಿಸ್ತೀನಿ ಅಂದ್ರೂ ಓದಲ್ಲ’ ಎಂದು ಅದೇ ಉಸಿರಿನಲ್ಲಿ ಹೇಳುತ್ತಾರೆ. ಸ್ವಾಮಿ, ಕಾಯಿಲೆಯನ್ನೂ ಹೇಳಿದಿರಿ, ಕಾರಣವನ್ನೂ ಹೇಳಿದಿರಿ!

ಪ್ರಶ್ನಾವಳಿಯಿಂದಲೂ ಒಳ್ಳೆಯದನ್ನು ಮಾಡಬಹುದೆಂಬುದಕ್ಕೆ ಒಂದು ಮಾದರಿ ಇದೆ. 1981ರಲ್ಲಿ ಸೂಸನ್ ಹಾರ್ಟರ್ ಎಂಬ ವಿದುಷಿ ಮಕ್ಕಳಿಗಾಗಿಯೇ ಒಂದು ಮಾಪಕವನ್ನು ರಚಿಸಿದರು. ‘ಕೆಲವು ಮಕ್ಕಳು ಹೀಗೆ, ಇನ್ನು ಕೆಲವು ಮಕ್ಕಳು ಹಾಗೆ, ನೀನು ಯಾರ ಹಾಗೆ?’ ಎಂಬ ಧಾಟಿಯ ಪ್ರಶ್ನೆಗಳು. ಯಾವ ಉತ್ತರವನ್ನು ಕೊಟ್ಟರೂ ಮಗುವಿಗೆ ನಾಚಿಕೆಯಾಗಬಾರದೆಂಬ ಎಚ್ಚರ ಅದರಲ್ಲಿತ್ತು. ಕಂಡದ್ದೇನು? ಮೂರನೆಯ ತರಗತಿಯಿಂದ ಒಂಬತ್ತನೆಯ ತರಗತಿಗೆ ಹೋಗುತ್ತ ಹೋಗುತ್ತ ಮಕ್ಕಳಲ್ಲಿ ಕುತೂಹಲಕ್ಕಾಗಿ ಕಲಿಯುವುದು ಇಳಿದು, ಅಂಕಕ್ಕಾಗಿ, ಮೇಷ್ಟರ ಮೆಚ್ಚುಗೆಗಾಗಿ ಕಲಿಯುವುದು ಏರಿತ್ತು. ಆ ಅಂಕಿ ಯಾವ ಮಗುವಿನ ಮೇಲೂ ಬೊಟ್ಟು ಮಾಡಲಿಲ್ಲ. ಮೂರನೆಯ ತರಗತಿಯಲ್ಲಿ ಇದ್ದದ್ದು ಒಂಬತ್ತರ ಹೊತ್ತಿಗೆ ಎಲ್ಲಿ ಹೋಯಿತೆಂದು ಅದು ಶಾಲೆಯನ್ನು ಕೇಳಿತು. ಅಂಕಿ ನಿಂತಿರಬೇಕಾದ್ದು ಹೀಗೆ, ಮಗುವಿನ ಪಕ್ಕದಲ್ಲಿ, ಶಾಲೆಯ ಎದುರಿನಲ್ಲಿ.

ನಮ್ಮಲ್ಲಿ ಅಂಕಿ ಎಲ್ಲಿ ನಿಲ್ಲುತ್ತದೆಂಬುದನ್ನು ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲೇ ನೋಡಿದ್ದೇವೆ. ಜಿಲ್ಲೆಗಳಿಗೆ ಸ್ಥಾನ ಕೊಡುವುದು, ಕೆಳಗಿಳಿದ ಜಿಲ್ಲೆಯ ಅಧಿಕಾರಿಗಳಿಗೆ ನೋಟೀಸು ಕೊಡುವುದು, ಅವರು ಮುಖ್ಯೋಪಾಧ್ಯಾಯರನ್ನು ಗದರಿಸುವುದು, ಇದು ವರ್ಷವರ್ಷದ ಪರಿಪಾಠ. 2023ರಲ್ಲಿ ಶೇ. 83.89 ಇದ್ದ ಫಲಿತಾಂಶ, 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾದ ಕಣ್ಣು ಬಿದ್ದಾಗ, ಕೃಪಾಂಕಗಳನ್ನು ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ಬಂತು. ಒಂದು ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾದರೇ? ಅಂಕಿಯನ್ನು ಮಾನಾಪಮಾನದ ಪ್ರಶ್ನೆ ಮಾಡಿದರೆ ಅಂಕಿಯೇ ಕೆಡುತ್ತದೆಂದು ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಸಮಾಜವಿಜ್ಞಾನಿ 1970ರ ದಶಕದಲ್ಲೇ ಎಚ್ಚರಿಸಿದ್ದರು. ಮೂರು ಗಂಟೆಯ ಬರವಣಿಗೆಯ ಪರೀಕ್ಷೆಯೇ ಹೀಗೆ ಕೆಡುವುದಾದರೆ, ಪೆನ್ಸಿಲಿನ ಒಂದು ಗೀಟಿನಲ್ಲಿ ಮುಗಿಯುವ ‘ಆಸಕ್ತಿ’ಯ ಗತಿಯೇನು? ‘ಎಲ್ಲರೂ ಸಂಪೂರ್ಣ ಒಪ್ಪುತ್ತೇನೆ ಅಂತ ಹಾಕ್ರೋ’ ಎಂದರೆ ಮುಗಿಯಿತು. ಆಸಕ್ತಿಯಲ್ಲಿ ನೂರಕ್ಕೆ ನೂರು ಬಂದ ಜಿಲ್ಲೆಗೆ ಸನ್ಮಾನ!

ಮಗುವನ್ನು ಕೇಳಿದರೆ ಸುಳ್ಳು ಹೇಳೀತೆಂದು ನೇರವಾಗಿ ತಲೆಗೇ ಯಂತ್ರ ಕಟ್ಟಿದವರೂ ಇದ್ದಾರೆ. ಚೀನಾದ ಝೆಜಿಯಾಂಗ್ ಪ್ರಾಂತದ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳ ಹಣೆಗೆ ಪಟ್ಟಿ ಕಟ್ಟಿ, ಮಿದುಳಿನ ವಿದ್ಯುತ್ ಸಂಜ್ಞೆಗಳಿಂದ ಅವರ ಗಮನವನ್ನು ಅಳೆದು, ದೀಪದ ಬಣ್ಣದಲ್ಲಿ ತೋರಿಸಿ, ತಂದೆತಾಯಿಗಳಿಗೂ ವರದಿ ಕಳುಹಿಸುತ್ತಿದ್ದರಂತೆ. 2019ರಲ್ಲಿ ಇದು ಬಯಲಾಗಿ ಅಲ್ಲಿನ ಜನರೇ ಗದ್ದಲವೆಬ್ಬಿಸಿದಾಗ ಸ್ಥಳೀಯ ಅಧಿಕಾರಿಗಳು ಅದನ್ನು ನಿಲ್ಲಿಸಿದರು. ಹಣೆಯ ಮೇಲೆ ದೀಪ ಉರಿಯುತ್ತಿರುವಾಗ ಕಿಟಕಿಯಾಚೆಯ ಹಕ್ಕಿಯನ್ನು ನೋಡುವ ಧೈರ್ಯ ಯಾವ ಮಗುವಿಗಿದೆ? ಆ ನೋಟದಲ್ಲೇ ಒಬ್ಬ ಪಕ್ಷಿಶಾಸ್ತ್ರಜ್ಞ ಹುಟ್ಟಲಿದ್ದಿರಬಹುದು.

ಆಸಕ್ತಿ ಎಂಬುದು ಹಣೆಯ ಒಳಗಿನ ಒಂದು ದ್ರವ್ಯವೆಂಬ ಭ್ರಮೆಯೇ ಈ ಎಲ್ಲ ಅನಾಹುತದ ಮೂಲ. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೆಯ ತರಗತಿಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ಕೊಳ್ಳಲು ಹಣ ಕೊಡತೊಡಗಿತು. ಆ ವಯಸ್ಸಿನ ಹುಡುಗಿಯರು ಪ್ರೌಢಶಾಲೆ ಸೇರುವ ಪ್ರಮಾಣ ಸುಮಾರು ಶೇ. 30ರಷ್ಟು ಹೆಚ್ಚಿತೆಂದೂ, ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಈ ಏರಿಕೆ ಎದ್ದು ಕಂಡಿತೆಂದೂ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಸೈಕಲ್ ಬರುವ ಹಿಂದಿನ ದಿನ ಆ ಹುಡುಗಿಯರ ಕೈಗೆ ನಮ್ಮ ಪ್ರಶ್ನಾವಳಿ ಕೊಟ್ಟಿದ್ದರೆ ‘ಅಭಿಪ್ರೇರಣೆ ಕಡಿಮೆ’ ಎಂದೇ ಬರುತ್ತಿತ್ತೇನೋ! ಕಡಿಮೆಯಿದ್ದದ್ದು ಎರಡು ಗಾಲಿ. ನಮ್ಮ ರಾಜ್ಯದಲ್ಲೂ 2006–07ರಲ್ಲಿ ಸೈಕಲ್ ವಿತರಣೆ ಆರಂಭವಾಗಿತ್ತು. ಅದಕ್ಕೂ ಮೊದಲು, 2002ರಲ್ಲಿ, ಮಧ್ಯಾಹ್ನದ ಬಿಸಿಯೂಟ ‘ಅಕ್ಷರ ದಾಸೋಹ’ವೆಂಬ ಸೊಗಸಾದ ಹೆಸರಿನಲ್ಲಿ ಬಂದಿತ್ತು. ಹಸಿದ ಹೊಟ್ಟೆಯಲ್ಲಿ ಹನ್ನೆರಡು ಗಂಟೆಗೆ ಮಗ್ಗಿ ಕಲಿಯಲಾರದ ಮಗುವನ್ನು ‘ಗಮನವಿಲ್ಲ’ ಎಂದು ಬೈಯುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ.

ಊಟ, ಸೈಕಲ್ಲುಗಳ ಆಚೆಗೂ ಮಾತಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಸ್ಫೂರ್ತಿ ಪಡೆದು, ನಮ್ಮ ಸರ್ಕಾರಿ ಉಪಾಧ್ಯಾಯರು ‘ನಲಿ ಕಲಿ’ಯನ್ನು ಆರಂಭಿಸಿದರು. ಅವರು ಮಕ್ಕಳ ಆಸಕ್ತಿಯನ್ನು ಅಳೆಯುತ್ತ ಕೂರಲಿಲ್ಲ, ಪಾಠವನ್ನೇ ಬದಲಾಯಿಸಿದರು. ಪಾಠ ಚಿಕ್ಕ ಚಿಕ್ಕ ಕಾರ್ಡುಗಳಾಯಿತು. ಮಗು ತನ್ನ ಹೆಜ್ಜೆಯಲ್ಲಿ ಮೆಟ್ಟಲೇರಿತು. ಹಾಡು, ಕಥೆ, ಆಟಗಳು ತರಗತಿಯೊಳಗೆ ಬಂದವು. ಮುಂದೆ ಅದು ರಾಜ್ಯಕ್ಕೆಲ್ಲ ಹರಡಿ, ತರಬೇತಿ ಸಾಲದೆ, ಉಪಾಧ್ಯಾಯರು ಸಾಲದೆ ಕೆಲವೆಡೆ ಸೊರಗಿತೆಂಬ ಟೀಕೆಯೂ ಇದೆ. ಅದು ಬೇರೆ ಚರ್ಚೆ. ಆದರೆ ಆ ಉಪಾಧ್ಯಾಯರು ಕೇಳಿಕೊಂಡ ಪ್ರಶ್ನೆ ಸರಿಯಾದದ್ದು. ಮಗುವಿಗೆ ಏನಾಗಿದೆ ಎಂದು ಅವರು ಕೇಳಲಿಲ್ಲ, ನಮ್ಮ ಪಾಠಕ್ಕೆ ಏನಾಗಿದೆ ಎಂದು ಕೇಳಿಕೊಂಡರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಲಿಸಲಾರದ ಶಾಲೆ ಮಗುವಿನ ಮನಸ್ಸು ಡೊಂಕು ಎನ್ನುತ್ತದೆ; ಈಗ ಅದಕ್ಕೆ ಡೊಂಕಿನ ಕೋನವನ್ನು ಡಿಗ್ರಿಗಳಲ್ಲಿ ಹೇಳುವ ಕಾಗದವೂ ಸಿಕ್ಕಿದೆ.

ಬರಿಯ ಬೈಗುಳದಿಂದ ಪ್ರಯೋಜನವಿಲ್ಲ. ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇನೆ. ಒಂದು: ಆಸಕ್ತಿ, ಛಲ, ಶ್ರದ್ಧೆಗಳ ಹೆಸರಿನ ಯಾವ ಅಂಕಿಯೂ ಯಾವ ಮಗುವಿನ ಪ್ರಗತಿಪತ್ರದಲ್ಲೂ ಕಾಣಬಾರದು. ಎರಡು: ಸಂಶೋಧನೆಗೆ ಪ್ರಶ್ನೆ ಕೇಳುವುದಾದರೆ ಹೆಸರು ಬರೆಸಬಾರದು, ಮಕ್ಕಳ ಆಡುಮಾತಿನಲ್ಲಿ ಕೇಳಬೇಕು, ಮುಖ್ಯೋಪಾಧ್ಯಾಯರು ಬಾಗಿಲ ಬಳಿ ನಿಲ್ಲಬಾರದು. ಮೂರು: ಆ ಅಂಕಿಗಳಿಂದ ಶಾಲೆಗೆ ಶಾಲೆಯನ್ನು, ಜಿಲ್ಲೆಗೆ ಜಿಲ್ಲೆಯನ್ನು ಹೋಲಿಸಿ ಸ್ಥಾನ ಕೊಡಬಾರದು. ನಾಲ್ಕು: ಅಳೆಯಲೇಬೇಕೆಂಬ ಕೈತುರಿಕೆ ಇದ್ದರೆ ಶಾಲೆಯನ್ನು ಅಳೆಯಿರಿ. ಗ್ರಂಥಾಲಯದ ಬೀರುವಿನ ಬೀಗ ವಾರಕ್ಕೆ ಎಷ್ಟು ಸಲ ತೆಗೆಯುತ್ತದೆ? ಅದರಲ್ಲಿನ ಎಷ್ಟು ಪುಸ್ತಕಗಳ ಅಂಚು ಮಕ್ಕಳ ಬೆರಳಿನಿಂದ ಕೊಳೆಯಾಗಿದೆ? ತರಗತಿಯಲ್ಲಿ ದಿನಕ್ಕೆ ಎಷ್ಟು ಪ್ರಶ್ನೆಗಳನ್ನು ಮಕ್ಕಳು ಕೇಳುತ್ತಾರೆ, ಎಷ್ಟನ್ನು ಮೇಷ್ಟರು ಕೇಳುತ್ತಾರೆ? ಖಾಲಿಯಿರುವ ಉಪಾಧ್ಯಾಯರ ಹುದ್ದೆಗಳೆಷ್ಟು? ಇವಕ್ಕೆ ಸೇರು, ಪಾವುಗಳ ಗೊಂದಲವಿಲ್ಲ. ಆಗುಂಬೆಯಲ್ಲೂ ಚಳ್ಳಕೆರೆಯಲ್ಲೂ ಎಣಿಕೆ ಒಂದೇ.

ವಾಚಕರಲ್ಲಿ ಬಹುಮಂದಿ ತಂದೆತಾಯಿಗಳು. ಮುಂದಿನ ಬಾರಿ ನಿಮ್ಮ ಮಗುವಿನ ‘ಕಲಿಕಾ ಅಭಿಪ್ರೇರಣೆ’ ಐದರಲ್ಲಿ ಎರಡು ಎಂಬ ಕಾಗದ ಮನೆಗೆ ಬಂದರೆ, ಮಗುವನ್ನು ಕರೆದು ಗದರಿಸಬೇಡಿ. ಪ್ರೇರಣೆಯ ಭಾಷಣ ಮಾಡುವವರ ಬಳಿಗೂ ಓಡಬೇಡಿ. ಆ ಕಾಗದವನ್ನು ಹಿಡಿದುಕೊಂಡು ಶಾಲೆಗೇ ಹೋಗಿ, ಸೌಜನ್ಯದಿಂದಲೇ ಕೇಳಿ: “ಇಲ್ಲಿ ಪ್ರೇರಿತನ ಅಂಕ ಬರೆದಿದ್ದೀರಿ, ಪ್ರೇರಕರ ಅಂಕ ಎಲ್ಲಿ?” ಕನ್ನಡ ವ್ಯಾಕರಣ ಬಲ್ಲ ಯಾವ ಶಾಲೆಯೂ ಆ ಪ್ರಶ್ನೆಗೆ ಉತ್ತರ ಕೊಡದೆ ನಿಮ್ಮನ್ನು ಕಳುಹಿಸುವ ಹಾಗಿಲ್ಲ.